ಷಣ್ಮುಗಂ ಮೇಷ್ಟ್ರ ವಿದ್ವತ್ತು

ಷಣ್ಮುಗಂ ಮೇಷ್ಟ್ರು ಬೈಯುವುದು ಕನ್ನಡದಲ್ಲಿ, ನಿದ್ದೆಯಲ್ಲಿ ಕನವರಿಸುವುದು ತಮಿಳಿನಲ್ಲಿ. ಹಾಗೆಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಕೊಳ್ಳೇಗಾಲ ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲದಿಂದಲೂ ಅಲ್ಲಿನ ಶಾಲೆಯೊಂದರಲ್ಲಿ ಅವರು ತಮಿಳು ಪಂಡಿತರು. ಐವತ್ತಾರರಲ್ಲಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಮಿಳು ತರಗತಿ ಬರಬರುತ್ತಾ ಬರಿದಾಯಿತು. ಕನ್ನಡ ಪರೀಕ್ಷೆ ಪಾಸು ಮಾಡಿದರೆ ಕೆಲಸ, ಇಲ್ಲದಿದ್ದರೆ ಮನೆ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟರು.

ಯಳಂದೂರಿನಿಂದ ಹೊಸದಾಗಿ ಬಂದಿದ್ದ ಕನ್ನಡ ಮೇಷ್ಟ್ರು ನಾನು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಅವರು ನನ್ನ ಶಿಷ್ಯರಾದರು.

"ಮಾತಾಡಾಕ ಬತ್ತದ ಕಣ್ರಿ ಮೇಷ್ಟ್ರೇ. ಬರೆಯಾಕ ಕೂತ್ರ ಕೈ ತಮಿಳ್ಗೇ ಓಯ್ತದ," ಎನ್ನುತ್ತಿದ್ದರು.

ಒಂದು ಸಂಜೆ ಪಾಠದಲ್ಲಿ 'ವಿದ್ವತ್ತು' ಬಂತು. ಬಹಳ ಓದಿ, ಅರಗಿಸಿಕೊಂಡು ಪಡೆದ ಆಳವಾದ ತಿಳಿವಳಿಕೆ ಎಂದೆ.

"ಓ, ತಮಿಳ್ನಲ್ಲಿ ಪುಲಮೈ ಅಂತೀವಲ್ಲ, ಅದು!" ಮೇಷ್ಟ್ರು ಖುಷಿಯಾದರು. "ನಮ್ಮನೆಯೋಳ್ಗ ಸಾರು ಮಾಡದ್ರಲ್ಲಿ ಭಾರಿ ವಿದ್ವತ್ತು ಅದ."

"ಸಾರಿಗೆ ಕೈಗುಣ ಅನ್ನಿ, ಸಾಕು. ವಿದ್ವತ್ತು ಶಾಸ್ತ್ರಕ್ಕೆ, ಸಾಹಿತ್ಯಕ್ಕೆ. ಅದನ್ನೂ ಬೇರೆಯವರೇ ಹೇಳಬೇಕು. ನನಗೆ ವಿದ್ವತ್ತಿದೆ ಅಂತ ಯಾರೂ ಹೇಳಿಕೊಳ್ಳಲ್ಲ."

"ಅಂಗಾರ ಯಾರಾರ ಯೋಳ್ಲಿ ಅಂತ ಕಾಯ್ಕಂಡ್ ಕೂತಿರ್ಬೇಕು ಅನ್ನಿ!"

ಬರವಣಿಗೆಯಲ್ಲಿ ಹೇಗೋ ದಾಟಿಕೊಂಡರು. ಬಾಯಿಪರೀಕ್ಷೆಯ ದಿನ ನಾನು ಬಾಗಿಲ ಹೊರಗೆ ಬೆವರುತ್ತಾ ನಿಂತಿದ್ದೆ. ಪರೀಕ್ಷಕರು, "ವಿದ್ವತ್ತು ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ," ಎಂದರು.

"ನನಗೆ ತಮಿಳಿನಲ್ಲಿ ವಿದ್ವತ್ತು ಇದೆ," ಎಂದರು ಮೇಷ್ಟ್ರು.

ಪರೀಕ್ಷಕರು ಜೋರಾಗಿ ನಕ್ಕರು. "ತನ್ನ ಬಗ್ಗೆ ತಾನೇ ಹಾಗೆ ಹೇಳ್ಕೋತಾರೇನ್ರಿ?"

"ಗೊತ್ತು ಸಾ, ನಮ್ ಮೇಷ್ಟ್ರು ಯೋಳ್ಕೊಟ್ಟವ್ರೆ. ಆದ್ರ ನನ್ ತಮಿಳ್ ಬಗ್ಗ ಯೋಳೋರು ಇನ್ನ ಈ ಊರಲ್ಲಿ ಯಾರವ್ರೆ? ಅದ್ಕೇ ನಾನೇ ಯೋಳ್ಕಂಡೆ."

ಒಳಗೆ ನಗು ನಿಂತಿತು. ಮೇಷ್ಟ್ರು ಹೊರಗೆ ಬಂದವರೇ, "ಪಾಸು ಕಣ್ರಿ! ಬನ್ನಿ, ಕಾಪಿ ಕುಡಿಯವ," ಎಂದರು.

ಆಮೇಲೆ ಹನೂರಿಗೆ ವರ್ಗವಾಗಿ, ಅಲ್ಲಿ ಕನ್ನಡವನ್ನೇ ಕಲಿಸಿದರು. ಹುಡುಗರು ಕಾಗುಣಿತ ತಪ್ಪಿದರೆ, "ನಾನು ತಲೆ ನರೆತ ಮ್ಯಾಲ ಕಲ್ತೆ ಕಣ್ಲಾ, ನಿಂಗೇನ್ ದಾಡಿ?" ಎಂದು ಗದರುತ್ತಿದ್ದರಂತೆ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅವರ ನಿವೃತ್ತಿಯ ದಿನ. ಬಂಡಳ್ಳಿ, ಶಾಗ್ಯದಂಥ ಸುತ್ತಲ ಹಳ್ಳಿಗಳಿಂದೆಲ್ಲ ಹಳೆಯ ಶಿಷ್ಯರು ಹನೂರಿನ ಶಾಲೆಗೆ ಬಂದಿದ್ದರು. ಹಾರ ಹಾಕಿದ ಮೇಲೆ ಅವರಲ್ಲೊಬ್ಬ ಎದ್ದು, "ಸಾ, ಇವತ್ತಾರ ನಿಮ್ ತಮಿಳ್ ಪದ್ಯ ಯೋಳಿ," ಎಂದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹಳೆಯ ಪದ್ಯವೊಂದನ್ನು ರಾಗವಾಗಿ ಹೇಳಿ, ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿದರು. ಅದು ಮುಗಿಯುತ್ತಲೇ ಇನ್ನೊಂದು. ರಸ್ತೆಯಲ್ಲಿ ಕೊಳ್ಳೇಗಾಲದ ಕೊನೆಯ ಬಸ್ಸು ಬಂದು, ಹಾರನ್ ಹೊಡೆದು ಹೊಡೆದು ಹೊರಟುಹೋಯಿತು. ಒಬ್ಬರೂ ಏಳಲಿಲ್ಲ.