ಅಕ್ಕ ಕೂರಿಸಿದ ಓರೆ ಹಲ್ಲು

ನಮ್ಮಕ್ಕನನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲು ಕಟ್ಟುವ ಅಂಗಡಿಯಲ್ಲಿ ಅವಳಿಗೆ ಕೆಲಸ. ದಾರಿಯಲ್ಲಿ ಯಾವುದಾದರೂ ಮುದುಕ ಬಾಯ್ತುಂಬ ನಕ್ಕರೆ ಸಾಕು, "ಅದು ನನ್ನ ಕೈಕೆಲ್ಸ ಕಣೇ" ಎಂದು ನನ್ನ ಪಕ್ಕೆಗೆ ತಿವಿಯುವಳು. ನಮ್ಮ ಮನೆಯವರು ಕೂಡ ಕಣ್ಣು ಮುಚ್ಚುವವರೆಗೆ ನನ್ನನ್ನು ಬೈದದ್ದು ಅಕ್ಕ ಕಟ್ಟಿದ ಹಲ್ಲಿನಲ್ಲೇ. ಆ ಕೈ ಕೆಲಸ ಕಲಿತದ್ದು ಮಾತ್ರ ಹಿಟ್ಟಿನಲ್ಲಿ.

ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ಸಂಜೆ ಬರುವಾಗ ಹಲಗೆ ಕೆರೆದು ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವಳು. ನಮಗೆ ಬೇರೆ ಆಟದ ಸಾಮಾನು ಎಲ್ಲಿತ್ತು? ಅಡುಗೆಮನೆಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಕೂಗಿದರೂ ಏಳುತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ಹಾವು ಒಂದೇ. ಉರುಳಿಸಿದರೆ ಹಾವು, ಸುತ್ತಿಟ್ಟರೆ ಬಸವನಹುಳು. ಅಕ್ಕ ಮಾಡುತ್ತಿದ್ದದ್ದು ಮುಖಗಳನ್ನು. ಎದುರು ಮನೆಯ ದರ್ಜಿ, ಶಾಲೆಯ ಟೀಚರು, ನಾನು. ಬಟ್ಟೆಗೆ ಹಾಕುವ ನೀಲಿಯಲ್ಲಿ ಕಣ್ಣು.

ಬೇಕರಿಯ ಹಿಟ್ಟಲ್ಲವೇ, ಅದರಲ್ಲಿ ಈಸ್ಟ್ ಇರುತ್ತಿತ್ತು. ಬೆಳಗಾಗುವಷ್ಟರಲ್ಲಿ ಮುಖಗಳೆಲ್ಲ ಉಬ್ಬಿ, ದರ್ಜಿಯ ಮೂಗು ಕೆನ್ನೆಯೊಳಗೆ ಹೂತುಹೋಗಿರುತ್ತಿತ್ತು.

"ಅಯ್ಯೋ ಪಾಪ, ಇಡೀ ಬೀದಿಗೇ ಹಲ್ಲುನೋವು ಬಂದಿದೆ ನೋಡ್ರೇ" ಎಂದು ಅಮ್ಮ ನಗುವಳು. ನಗುವಾಗ ಅಂಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಅವಳ ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಓರೆಯಾಗಿ ಹತ್ತಿ ಕೂತಿತ್ತು.

ಉಪ್ಪು ಸುರಿದು ನಾದಿದರೆ ಉಬ್ಬುವುದಿಲ್ಲ ಎಂದು ಹೇಳಿಕೊಟ್ಟದ್ದೂ ಅಮ್ಮನೇ. ಆಮೇಲೆ ಅಕ್ಕನ ಮುಖಗಳು ಕಲ್ಲಿನಂತೆ ಒಣಗಿ ಕಿಟಕಿಯಲ್ಲಿ ಸಾಲಾಗಿ ಕೂತವು. ಬಾಯಿಗೆ ಅಕ್ಕಿಕಾಳಿನ ಹಲ್ಲು. ಅಮ್ಮನ ಮುಖ ಮಾಡಿದಾಗ ಒಂದು ಕಾಳನ್ನು ಓರೆಯಾಗಿ ಸಿಕ್ಕಿಸಿದಳು. ಅಮ್ಮ ಉಗುರಿನಿಂದ ಅದನ್ನು ನೇರ ಮಾಡಿದಳು. ಅವಳು ಅತ್ತ ತಿರುಗಿದ್ದೇ ತಡ, ಅಕ್ಕ ಮತ್ತೆ ಓರೆ ಮಾಡಿದಳು.

"ಇರೋ ಹಾಗೇ ಮಾಡ್ಬೇಕಮ್ಮ."

"ಇರೋದನ್ನ ನಾನು ಹೊತ್ಕೊಂಡು ತಿರುಗ್ತಿಲ್ವಾ? ಹಿಟ್ಟಲ್ಲಾದ್ರೂ ನೆಟ್ಟಗಿರಲಿ ಬಿಡೇ."

ಓದು ನಮ್ಮಿಬ್ಬರ ತಲೆಗೂ ಹತ್ತಲಿಲ್ಲ. ನಾನು ಮದುವೆಯಾದೆ, ಅಕ್ಕ ಆ ಅಂಗಡಿ ಸೇರಿದಳು. ಹಲ್ಲು ಕೂರಿಸುವ ಮೇಣ ಕೈಗೆ ಬಂದ ದಿನವೇ ನಾದಲು ಕೂತಳಂತೆ. "ಇದು ಹಲ್ಲಿನಂಗಡೀನಮ್ಮ, ರೊಟ್ಟಿ ಅಂಗಡಿ ಅಲ್ಲ" ಎಂದು ಮಾಲೀಕರು ತಲೆ ಚಚ್ಚಿಕೊಂಡರಂತೆ.

ವಯಸ್ಸಾದ ಮೇಲೆ ಅಮ್ಮನ ಹಲ್ಲುಗಳೆಲ್ಲ ಉದುರಿದವು. ಆಮೇಲೆ ಅಮ್ಮ ಅಮ್ಮನಾಗಿರಲಿಲ್ಲ. ಗೋಡೆಗೆ ಮುಖ ಮಾಡಿ ಒಬ್ಬಳೇ ಗಂಜಿ ಕುಡಿಯುವಳು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಹಳೆಯ ಗೆಳತಿ ಒಲೆಯಮ್ಮ ಬಂದರೆ, "ಮಲಗಿದ್ದಾಳೆ ಅಂತ ಹೇಳು" ಎನ್ನುವಳು. ಹರಟೆಯಿಲ್ಲದೆ ಅಮ್ಮ ಬದುಕಲಾರಳು ಎಂದು ನಮಗೆ ಗೊತ್ತಿತ್ತು. ದಿನದಿನಕ್ಕೆ ಸೊರಗಿದಳು.

"ನಾನು ಹಲ್ಲು ಕಟ್ಟಿ ಕೊಡ್ತೀನಿ, ಮತ್ತೆ ಎಲ್ಲರ ಜೊತೆ ಕೂತು ತಿನ್ನು" ಎಂದಳು ಅಕ್ಕ.

ಮೊದಲು ಮೇಣದಲ್ಲಿ ಹಲ್ಲು ಕೂರಿಸಿ, ಬಾಯಿಗಿಟ್ಟು, ಕನ್ನಡಿ ತೋರಿಸಿ, ಒಪ್ಪಿದ ಮೇಲೆ ಗಟ್ಟಿ ಮಾಡುವುದು ಆ ಕೆಲಸದ ಕ್ರಮ. ಅಕ್ಕ ಅಮ್ಮನ ಕೈಗೆ ಕನ್ನಡಿ ಕೊಡಲೇ ಇಲ್ಲ. "ಪೂರ್ತಿ ಆಗೋವರೆಗೂ ನೋಡ್ಬಾರ್ದು" ಎಂದು ಹಟ ಹಿಡಿದಳು. ಕೊನೆಗೆ ಗಟ್ಟಿ ಮಾಡಿದ ಹಲ್ಲಿನ ಸೆಟ್ಟನ್ನೇ ತಂದು ಹಾಕಿ, ಕನ್ನಡಿ ಹಿಡಿದು, ಮಗುವಿನಂತೆ ಅಮ್ಮನ ಮುಖವನ್ನೇ ನೋಡುತ್ತ ನಿಂತಳು.

ಮುಂದಿನ ಹಲ್ಲು ಪಕ್ಕದ್ದರ ಮೇಲೆ ಓರೆಯಾಗಿ ಹತ್ತಿ ಕೂತಿತ್ತು, ಥೇಟ್ ಅದೇ.

ಅಮ್ಮ ಸೆಟ್ಟನ್ನು ತೆಗೆದು ಬಟ್ಟಲಿಗೆ ಹಾಕಿದಳು. "ಬದುಕಿಡೀ ಮುಚ್ಕೊಂಡು ಓಡಾಡ್ದೆ. ಉದುರ್ತು, ಪೀಡೆ ತೊಲಗ್ತು ಅಂದ್ಕೊಂಡ್ರೆ ಅದನ್ನೇ ಮತ್ತೆ ಹುಟ್ಟಿಸಿದ್ದೀಯಲ್ಲೇ!"

"ಅದಿಲ್ದಿದ್ರೆ ಅದು ನಿನ್ನ ಮುಖಾನೇ ಅಲ್ಲಮ್ಮ."

"ಮುಖ ನಂದಾ, ನಿಂದಾ?"

ಅಕ್ಕ ಕನ್ನಡಿಯನ್ನು ಕೆಳಗಿಟ್ಟಳು. ಹೋಗಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು. ಅಮ್ಮ ಮತ್ತೆ ಗೋಡೆಯ ಕಡೆ ತಿರುಗಿದಳು. ನನಗೋ ಇತ್ತ ದರಿ ಅತ್ತ ಪುಲಿ.

ಮರುವಾರ ಅಕ್ಕ ಮೇಣದ ಹೊಸ ಸೆಟ್ಟನ್ನೂ ಕನ್ನಡಿಯನ್ನೂ ತಂದು ಅಮ್ಮನ ಮಡಿಲಲ್ಲಿಟ್ಟಳು. "ನೀನೇ ಸರಿಮಾಡ್ಕೋ. ಮೇಣ ಬೆಚ್ಚಗಿದೆ."

ಅಮ್ಮ ಹಾಕಿ ನೋಡಿದಳು, ತೆಗೆದಳು, ಆ ಹಲ್ಲನ್ನು ಉಗುರಿನಿಂದ ಒತ್ತಿದಳು, ಮತ್ತೆ ಹಾಕಿದಳು. ನಾದಿ ನಾದಿ ಗಂಟುಕಟ್ಟಿದ ಆ ಬೆರಳುಗಳು ಅದೇ ಹಳೆಯ ಜಾಣತನದಲ್ಲಿ ಓಡಾಡಿದವು. ಹಲ್ಲು ನೇರವಾಯಿತು. ಸೆಟ್ಟನ್ನು ಬಟ್ಟಲಲ್ಲಿಟ್ಟು ಅಮ್ಮ ಅತ್ತ ತಿರುಗಿ, ಇಲ್ಲದ ಧೂಳು ಒರೆಸುತ್ತ, ಬೇಕೆಂದೇ ತಡಮಾಡಿದಳು. ಅಕ್ಕ ಅದನ್ನು ಮುಟ್ಟಲಿಲ್ಲ.

"ಏನೇ, ಕೈ ಸೋತು ಹೋಯ್ತಾ?"

"ನಿನ್ನ ಮುಖ ಕಣಮ್ಮ" ಎಂದಳು ಅಕ್ಕ.

ಆ ಹಲ್ಲು ಗಟ್ಟಿಯಾಗಿ ಬಂದ ಮೇಲೆ ಒಲೆಯಮ್ಮನನ್ನು ಅಮ್ಮನೇ ಹೇಳಿಕಳುಹಿಸಿ ಕರೆಸಿಕೊಂಡಳು. ಒಲೆಯಮ್ಮ ಬಾಗಿಲಲ್ಲೇ ನಿಂತು, "ಯಾರಮ್ಮ ಈ ಮದುವಣಗಿತ್ತಿ?" ಎಂದಳು. ಅಮ್ಮ ನಕ್ಕಳು. ಅಂಗೈ ಅಭ್ಯಾಸಬಲದಿಂದ ಎದ್ದು, ಗಲ್ಲದವರೆಗೆ ಬಂದು, ಅಲ್ಲೇ ನಿಂತು, ಮಡಿಲಿಗೆ ಇಳಿಯಿತು.

ಓರೆ ಹಲ್ಲಿನ ಸೆಟ್ಟನ್ನು ಅಮ್ಮ ಎಸೆಯಲಿಲ್ಲ. ನಾವು ನಾವೇ ಇದ್ದಾಗ, ಗಟ್ಟಿ ರೊಟ್ಟಿಯಿದ್ದ ದಿನ, ಅದನ್ನೇ ಹಾಕಿಕೊಂಡು ನಮ್ಮ ಜೊತೆ ಕೂರುವಳು. "ನೋಡೋಕೆ ಕೆಟ್ಟದಾದ್ರೂ ಅಗಿಯೋಕೆ ಇದೇ ಸರಿ" ಎನ್ನುವಳು. ಅಕ್ಕ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನನಗೆ ಮಾತ್ರ ಅವಳ ನಗು ಕಿವಿಯವರೆಗೂ ಹೋದದ್ದು ಕಾಣುತ್ತಿತ್ತು.