ಹಾಲು ಮರಳಿದ ಒಂಬತ್ತು ದಿನ: ನರ್ಸ್ ಕೌಸಲ್ಯಾ ಹೊಸಮನಿಯವರನ್ನು ನೆನೆದು

ಶಿಶುವಿನ ಆರೈಕೆಯೆಂದರೆ ತೂಕ ನೋಡುವುದು, ಚುಚ್ಚುಮದ್ದು ಹಾಕುವುದು ಎಂದು ತಿಳಿದಿರುವವರ ನಡುವೆ, ತಾಯಿಯ ಮಾತನ್ನು ಪೂರ್ತಿಯಾಗಿ ಕೇಳುವುದೂ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಮೂವತ್ತಮೂರು ವರ್ಷ ನಡೆದು ತೋರಿಸಿದವರು ಶ್ರೀಮತಿ ಕೌಸಲ್ಯಾ ಹೊಸಮನಿ. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ೧೯೮೪ರಲ್ಲಿ ನ್ಯೂಜೆರ್ಸಿಗೆ ಬಂದ ಅವರು, ಇಲ್ಲಿನ ಪರೀಕ್ಷೆಗಳನ್ನು ಮತ್ತೆ ಬರೆದು, ಹೆರಿಗೆ ವಾರ್ಡಿನಲ್ಲಿ ಎಂಟು ವರ್ಷ ದುಡಿದು, ಆಮೇಲೆ ಓಲ್ಡ್ ಬ್ರಿಡ್ಜಿನ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಹಾಲೂಡಿಸುವ ತಾಯಂದಿರ ಸಲಹೆಗಾರ್ತಿಯಾಗಿ ನೆಲೆನಿಂತರು. ಈ ವಸಂತದಲ್ಲಿ ಅವರು ನಿವೃತ್ತರಾದಾಗ, ಅವರ ಗೌರವಾರ್ಥ ಹೊರತರುವ ಈ ಸಂಪುಟಕ್ಕೆಂದು ಹಲವರಲ್ಲಿ ನೆನಪುಗಳನ್ನು ಬೇಡಲಾಯಿತು. ಅವುಗಳಲ್ಲಿ, ಅವರ ಆರೈಕೆ ಪಡೆದ ತಾಯಿ ಮಂಜರಿಯವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ನಿರೂಪಿಸಲಾಗಿದೆ.

ಅದು ೧೯೯೯ರ ಶರತ್ಕಾಲ. ಹೊಸ ಸಹಸ್ರಮಾನ ಕಂಪ್ಯೂಟರುಗಳನ್ನು ಕೆಡಿಸೀತೆಂಬ ಭಯದಿಂದ ನ್ಯೂಯಾರ್ಕಿನ ಕಂಪನಿಗಳೆಲ್ಲ ನಮ್ಮ ಹುಡುಗ ಹುಡುಗಿಯರನ್ನು ಕರೆದು ಕೂರಿಸಿಕೊಂಡಿದ್ದ ಕಾಲ. ಮಂಜರಿಯ ಗಂಡ ಶ್ರೀನಿ ಮುಂಜಾನೆ ಆರರ ಬಸ್ಸು ಹಿಡಿದು ಮ್ಯಾನ್‌ಹಟನ್ನಿಗೆ ಹೋಗುತ್ತಿದ್ದ. ಮಂಜರಿ ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಆಗಸ್ಟಿನಲ್ಲಿ ಮಗಳು ನಿಧಿ ಹುಟ್ಟಿದ್ದಳು. ಹನ್ನೆರಡು ವಾರದ ರಜೆ ಮುಗಿದರೆ ಮತ್ತೆ ಕೆಲಸ. ಬಾಣಂತನಕ್ಕೆಂದು ಚನ್ನರಾಯಪಟ್ಟಣದಿಂದ ಅತ್ತೆ ಗೌರಮ್ಮ ಬಂದಿದ್ದರು.

ಆರು ವಾರ ಕೂಸು ಚೆನ್ನಾಗಿ ಬೆಳೆಯಿತು. ಏಳು, ಎಂಟು ಕಳೆಯುವಷ್ಟರಲ್ಲಿ ಏನೋ ಬದಲಾಯಿತು. ನಿಧಿ ಎದೆಗೆ ಬಾಯಿ ಹಾಕಿ, ಎರಡು ನಿಮಿಷ ಚೀಪಿ, ಬಿಟ್ಟು ಅಳತೊಡಗಿದಳು. ಬೆಳ್ಳುಳ್ಳಿ ಸಾರಾಯಿತು, ಸಬ್ಬಸಿಗೆ ಸೊಪ್ಪಾಯಿತು, ಮೆಂತ್ಯದ ಗಂಜಿಯಾಯಿತು. “ಆಫೀಸು ಆಫೀಸು ಅಂತ ಮನಸ್ಸೆಲ್ಲ ಅಲ್ಲೇ ಇಟ್ಕೊಂಡ್ರೆ ಹಾಲೆಲ್ಲಿಂದ ಬಂದಾತು ಮಗ,” ಎಂದರು ಗೌರಮ್ಮ. ಅದರಲ್ಲಿ ಕೊಂಕಿರಲಿಲ್ಲ, ಕಳವಳವಷ್ಟೆ ಇತ್ತು. ಆದರೆ ಮಂಜರಿಗೆ ಅದೇ ನಿಜವೆನಿಸಿತು. ಕೆಲಸ ಬಯಸಿದ ತನಗೆ ಮೈಯೇ ಶಿಕ್ಷೆ ಕೊಡುತ್ತಿದೆ ಎಂದುಕೊಂಡಳು.

ಹತ್ತನೆಯ ವಾರ ಕ್ಲಿನಿಕ್ಕಿನಲ್ಲಿ ತೂಕ ನೋಡಿದಾಗ ಕೌಸಲ್ಯಾ ಅವರು ಮೊದಲು ಕೂಸನ್ನಲ್ಲ, ತೂಕದ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆರನೆಯ ವಾರದವರೆಗೆ ಏರುತ್ತ ಬಂದ ಗೆರೆ ಆಮೇಲೆ ಅಡ್ಡ ಮಲಗಿತ್ತು.

“ಅಜ್ಜಿ, ಕೂಸಿನ ಡೈಪರ್ ಒದ್ದಿ ಆಗ್ಯದ. ಬಾಜೂ ಖೋಲ್ಯಾಗ ಬದಲಿ ಮಾಡ್ಕೊಂಡು ಬರ್ರಿ,” ಎಂದು ಗೌರಮ್ಮನವರನ್ನು ಕಳಿಸಿ, ಬಾಗಿಲು ಮುಂದೆ ಮಾಡಿದರು. “ಆರು ವಾರಕ್ಕ ಏನರ ಹೊಸಾದು ಶುರು ಮಾಡಿಯೇನವಾ? ಗುಳಿಗಿ, ಔಷಧ, ಏನರ?”

“ವಿಟಮಿನ್ಸ್ ಅಷ್ಟೆ ಆಂಟಿ.”

ಕೌಸಲ್ಯಾ ಅವರು ಮತ್ತೆ ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಕೈ ಮಡಿಲಲ್ಲಿಟ್ಟು ಕುಳಿತರು. ಆ ಮೌನ ತನ್ನನ್ನು ಗದರಿಸದೆ ಇದ್ದದ್ದೇ ಆಶ್ಚರ್ಯವಾಯಿತೆಂದು ಮಂಜರಿ ಹೇಳುತ್ತಾರೆ. ಕೊನೆಗೆ ಅವಳು ಬ್ಯಾಗಿನ ಒಳಜೇಬಿನಿಂದ ಗರ್ಭನಿರೋಧಕ ಮಾತ್ರೆಯ ಪಟ್ಟಿಯೊಂದನ್ನು ತೆಗೆದಳು. ಇಬ್ಬರದೂ ನೌಕರಿ ಇರುವ ತನಕ ಮಾತ್ರ ನಡೆಯುವ ಎಚ್-ಒನ್ ವೀಸಾ, ಈಗಲೇ ಇನ್ನೊಂದು ಮಗು ಬೇಡವೆಂದು ಗಂಡಹೆಂಡಿರು ನಿಶ್ಚಯಿಸಿದ್ದರು. ಇದರ ಬೆನ್ನಿಗೇ ಒಂದು ಗಂಡಾಗಲಿ ಎಂದು ದಿನಾ ದೀಪ ಹಚ್ಚುವ ಅತ್ತೆಗೆ ಹೇಳುವುದು ಹೇಗೆ? ಆರನೇ ವಾರದ ತಪಾಸಣೆಯಲ್ಲಿ ಬೇರೊಬ್ಬ ವೈದ್ಯರು ಇದನ್ನು ಬರೆದುಕೊಟ್ಟಿದ್ದರು. ಹಾಲೂಡಿಸುತ್ತೀಯಾ ಎಂದು ಅವರು ಕೇಳಿರಲಿಲ್ಲ, ಹೇಳಬೇಕೆಂದು ಇವಳಿಗೆ ತಿಳಿದಿರಲಿಲ್ಲ.

ಕೌಸಲ್ಯಾ ಅವರು ಪಟ್ಟಿಯ ಹಿಂಬದಿಯನ್ನು ಓದಿದರು. “ಇದರಾಗ ಎರಡು ಹಾರ್ಮೋನ್ ಅದಾವ. ಅದರಾಗಿನ ಈಸ್ಟ್ರೊಜನ್ ಕೆಲವರಿಗೆ ಹಾಲು ತಗ್ಗಿಸಿಬಿಡ್ತದ. ಎಲ್ಲಾರಿಗೂ ಹಂಗ ಆಗೂದಿಲ್ಲ, ನಿನಗ ಆಗಿರಬೇಕು. ಈಸ್ಟ್ರೊಜನ್ ಇಲ್ಲದ ಗುಳಿಗೀನೂ ಅದಾವ, ಹಾಲಿಗೆ ಅಷ್ಟು ತ್ರಾಸ ಕೊಡೂದಿಲ್ಲ. ನಾ ಬರದು ಕೊಡಾಕ ಬರೂದಿಲ್ಲ, ನಿಮ್ಮ ಡಾಕ್ಟರಿಗೆ ಈಗ ಫೋನ್ ಹಚ್ಚತೀನಿ.” ಆಮೇಲೆ ಪಟ್ಟಿಯನ್ನು ಅವಳ ಕೈಗೆ ಮರಳಿಸಿ, “ಗುಳಿಗಿ ಬೇಕು ಅಂದದ್ದು ತಪ್ಪಲ್ಲ. ನೌಕರಿ ಬೇಕು ಅಂದದ್ದೂ ತಪ್ಪಲ್ಲ,” ಎಂದರು.

ಹೆತ್ತಂದಿನಿಂದ ಅತ್ತಿರದ ಮಂಜರಿ ಅಲ್ಲಿ ಅತ್ತಳು.

ವೈದ್ಯರು ಫೋನಿನಲ್ಲಿಯೇ ಮಾತ್ರೆ ಬದಲಿಸಿದರು. ಕೂಸನ್ನೆತ್ತಿಕೊಂಡು ಮರಳಿದ ಗೌರಮ್ಮನವರಿಗೆ ಕೌಸಲ್ಯಾ ಅವರು, ಒಂದು ಔಷಧ ಹಾಲಿಗೆ ಅಡ್ಡ ಬಂದಿತ್ತು, ಬದಲಿ ಮಾಡಿದೆವು ಎಂದಷ್ಟೇ ಹೇಳಿದರು. “ಯಾವ ಔಷಧಿ?” ಎಂದು ಅತ್ತೆ ಕೇಳಿದರು. “ಅದನ್ನ ಹೇಳೂದು ಬಿಡೂದು ಅಕಿಗೆ ಬಿಟ್ಟದ್ದು ಅಜ್ಜಿ. ನೀವು ಮಾತ್ರ ಹಾಲು ತಗ್ಗಿದ್ದು ಅಕಿ ತಪ್ಪು ಅನಬ್ಯಾಡ್ರಿ.”

ಆ ಸಂಜೆ ಮಂಜರಿ ತಾನಾಗಿಯೇ ಹೇಳಿದಳು. ಗೌರಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ತಟ್ಟೆ ತುಂಬಿದ ಮೇಲೆ, “ಆರು ಹೆತ್ತೆ. ನಿನಗೆಷ್ಟು ಬೇಕು ಅಂತ ನನ್ನ ಯಾರು ಕೇಳಿದ್ರು?” ಎಂದರು. ಸಿಪ್ಪೆಯನ್ನು ಒಟ್ಟುಮಾಡಿ ಎತ್ತುತ್ತ, “ಹೊಸ ಮಾತ್ರೆ ಎಷ್ಟು ಗಂಟೆಗೆ ತಗೋಬೇಕಂತೆ?” ಎಂದು ವಿಚಾರಿಸಿದರು. ದಿನವೂ ಒಂದೇ ಹೊತ್ತಿಗೆ ಎಂದು ತಿಳಿದಾಗಿನಿಂದ ಬೆಳಿಗ್ಗೆ ಎಂಟಕ್ಕೆ ನೀರಿನ ಲೋಟ ಹಿಡಿದು ನಿಲ್ಲತೊಡಗಿದರು.

ಮುಂದಿನ ಒಂಬತ್ತು ದಿನ, ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಕೌಸಲ್ಯಾ ಅವರು ತೂಕದ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಇವರ ಅಪಾರ್ಟ್‌ಮೆಂಟಿಗೆ ಬಂದರು. ಮೊದಲು ಕೂಸಿನ ಹೊಟ್ಟೆ ತುಂಬಬೇಕೆಂದು ಪುಡಿಹಾಲನ್ನೂ ಕೊಡಿಸಿದರು. ಅದನ್ನು ಸೋಲೆಂದು ಎಣಿಸಲು ಬಿಡಲಿಲ್ಲ. ಎರಡೆರಡು ಗಂಟೆಗೊಮ್ಮೆ ಎದೆಗೆ ಹಾಕಿಸಿದರು, ನಡುವೆ ಪಂಪ್ ಮಾಡಿಸಿದರು. ಪ್ರತಿ ಸಂಜೆ ಕೂಸನ್ನು ತೂಗಿ, ಹಾಲೂಡಿಸಿ, ಅದೇ ಬಟ್ಟೆಯಲ್ಲಿ ಮತ್ತೆ ತೂಗುತ್ತಿದ್ದರು; ಹೆಚ್ಚಿದ ತೂಕವೇ ಕೂಸು ಕುಡಿದ ಹಾಲು. ಮೊದಲ ದಿನ ಅರ್ಧ ಔನ್ಸ್, ಒಂದು ದೊಡ್ಡ ಚಮಚದಷ್ಟು. ಮೂರನೆಯ ದಿನವೂ ಅರ್ಧ. ಐದನೆಯ ದಿನ ಒಂದು. ಒಂಬತ್ತನೆಯ ದಿನ ಯಂತ್ರದ ಕೆಂಪು ಅಂಕಿಗಳು ಮೂರು ಔನ್ಸ್ ಏರಿ ನಿಂತವು.

ದಿನವಿಡೀ ಕಂಪ್ಯೂಟರಿನ ತಪ್ಪು ಹುಡುಕುವ ಶ್ರೀನಿ ಬಗ್ಗಿ ಆ ಅಂಕಿಯನ್ನು ನೋಡುತ್ತಲೇ ಇದ್ದ. ಕಣ್ಣಿಗೆ ಕಾಣದಷ್ಟು ಔಷಧಕ್ಕೆ ಹಿಂಜರಿದ ಮೈ, ಅದನ್ನು ತೆಗೆದು ಹಸಿದ ಕೂಸನ್ನು ಎದೆಗಿಡುತ್ತ ಬಂದಾಗ ಮತ್ತೆ ಕಿವಿಗೊಟ್ಟಿತಲ್ಲ ಎಂಬ ಬೆರಗು ತನ್ನನ್ನು ಈವರೆಗೂ ಬಿಟ್ಟಿಲ್ಲವೆನ್ನುತ್ತಾರೆ ಮಂಜರಿ. ಗೌರಮ್ಮ ಯಂತ್ರಕ್ಕೂ ನರ್ಸಿಗೂ ಒಟ್ಟಿಗೇ ಕೈಮುಗಿದರು.

ಕೌಸಲ್ಯಾ ಅವರು ಅಲ್ಲಿಗೇ ನಿಲ್ಲಲಿಲ್ಲ. ಮೊದಲ ಮಾತ್ರೆಯನ್ನು ಬರೆದುಕೊಟ್ಟಿದ್ದ ವೈದ್ಯರನ್ನು ಖುದ್ದಾಗಿ ಕಂಡು, ಯಾರನ್ನೂ ದೂರದೆ, ತಪಾಸಣೆಯ ಫಾರ್ಮಿನಲ್ಲಿ ಹಾಲೂಡಿಸುತ್ತಿದ್ದೀರಾ ಎಂಬ ಒಂದು ಸಾಲನ್ನು ಸೇರಿಸಿಕೊಳ್ಳಲು ಕೇಳಿ, ಸೇರಿಸುವ ತನಕ ಮೂರು ಬಾರಿ ಹೋಗಿಬಂದರು. ಕಿರಿಯ ನರ್ಸುಗಳಿಗೆ ಕಲಿಸಿದರು. ನ್ಯೂಯಾರ್ಕಿನಾಚೆಯ ಹಿಕ್ಸ್‌ವಿಲ್ಲಿನಿಂದಲೂ ತಾಯಂದಿರು ಸೇತುವೆಗಳನ್ನು ದಾಟಿ ಅವರ ಬಳಿ ಬಂದರು.

ಹೋದ ತಿಂಗಳು ಮಂಜರಿ ಅವರನ್ನು ಕಂಡು, ಹಾಲು ಮರಳುತ್ತದೆಂದು ನಿಮಗೆ ಅಷ್ಟು ಖಚಿತವಾಗಿ ಹೇಗೆ ತಿಳಿದಿತ್ತು ಎಂದು ಕೇಳಿದರಂತೆ.

“ಎಲ್ಲಿ ಖಚಿತ ಇತ್ತವಾ? ಒಮ್ಮೊಮ್ಮೆ ಬರೂದಿಲ್ಲ. ಬರದಿದ್ದರ ಆ ಯಂತ್ರದ ಮುಂದ ನೀ ಒಬ್ಬಾಕಿನೇ ನಿಂತಿರಬಾರದು ಅಂತ ಬಂದೆ,” ಎಂದರಂತೆ ಕೌಸಲ್ಯಾ.

ಕ್ಲಿನಿಕ್ಕಿನ ಬಾಗಿಲಿನಿಂದ ಮಾತ್ರ ನಿವೃತ್ತರಾದ, ಇಂದಿಗೂ ಫೋನೆತ್ತಿದರೆ ಮೊದಲು ತಾಯಿಯ ಊಟವಾಯಿತೇ ಎಂದು ಕೇಳುವ ಈ ಹಿರಿಯ ಜೀವಕ್ಕೆ ಭಗವಂತನು ನೂರು ವರ್ಷದ ಆರೋಗ್ಯವನ್ನು ಕೊಡಲಿ; ಇನ್ನೂ ಎಷ್ಟೋ ಮನೆಗಳಲ್ಲಿ, ಗಾಬರಿಯಾದ ಎಳೆಯ ತಾಯಂದಿರ ಪಕ್ಕದ ಕುರ್ಚಿಯಲ್ಲಿ ಅವರು ಹೀಗೆಯೇ, ಅವಸರವಿಲ್ಲದೆ, ಕುಳಿತಿರುವಂತಾಗಲಿ.