ಉಯಿಲಿನಲ್ಲಿ ನಾನು ಓದದೆ ಬಿಟ್ಟ ಸಾಲುಗಳು

ನನ್ನ ಮದುವೆ ಮಾತು ನಡೆದ ವರ್ಷ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ನಮ್ಮ ಮನೆ ಸವಳಂಗದಲ್ಲಿ, ನನ್ನ ಮೇಷ್ಟರ ಕೆಲಸ ಚನ್ನಗಿರಿಯಲ್ಲಿ, ನೋಡಿದ ಹೆಣ್ಣು ಸಂತೇಬೆನ್ನೂರಿನದು. ಹೆಣ್ಣಿನ ತಂದೆಗೆ ಮನೆತನದ ಹುಚ್ಚು. ‘ನಿಮ್ಮ ಹಿರೀಕರ ಕಾಗ್ದ ಪತ್ರ ಏನಾದ್ರೂ ಐತೇನ್ರಿ?’ ಎಂದು ಅವರು ಕೇಳಿದ್ದೇ ತಡ, ನಮ್ಮ ಮುತ್ತಜ್ಜ ಸರ್ಕಾರದ ಮುಂದೆ ಉಯಿಲು ಬರೆಸಿ ಸತ್ತವರು ಎಂದು ಜಂಬ ಕೊಚ್ಚಿಬಿಟ್ಟೆ. ಆ ಉಯಿಲನ್ನು ನಾನಿರಲಿ, ನಮ್ಮ ತಂದೆಯೂ ಕಂಡಿರಲಿಲ್ಲ. ಗೆದ್ದಲು ತಿಂದು ಹೋಯಿತು ಎಂದು ಅಜ್ಜ ಹೇಳುತ್ತಿದ್ದರಂತೆ.

ಹೊನ್ನಾಳಿಯ ನೋಂದಣಿ ಕಚೇರಿಗೆ ಹೋದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

‘ಬರೀ ಹೆಸ್ರು ಹೇಳಿದ್ರೆ ಹೆಂಗೆ ಹುಡುಕಾಕಾಗುತ್ತೆ ಮೇಷ್ಟ್ರೆ? ಉಯಿಲಿನ ಪುಸ್ತಕಕ್ಕೆ ವರ್ಷಕ್ಕೊಂದು ಪಟ್ಟಿ ಐತೆ. ವರ್ಷ ತಿಳ್ಕೊಂಡು ಬರ್ರಿ.’

ಮನೆಯಲ್ಲಿ ಯಾರಿಗೂ ವರ್ಷ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮುದುಕಿಗೆ.

ಮುದುಕಿ ಎಂದೇ ನಾವು ಅವಳನ್ನು ಕರೆಯುತ್ತಿದ್ದದ್ದು. ಹಿಂದಿನ ದೊಡ್ಡ ಬರದಲ್ಲಿ ಜಗಳೂರು ಸೀಮೆಯ ದಾರಿಬದಿಯಲ್ಲಿ ಅಳುತ್ತಿದ್ದ ಕೂಸನ್ನು ಮುತ್ತಜ್ಜ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಆ ಕೂಸೇ ಇವಳು. ನಾನು ಕಣ್ಣು ಬಿಟ್ಟಾಗಿನಿಂದ ಅವಳು ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ ಮಲಗುತ್ತಿದ್ದಳು, ಎಲ್ಲರ ಊಟವಾದ ಮೇಲೆ ಒಲೆ ಪಕ್ಕ ಉಳಿದದ್ದು ಉಣ್ಣುತ್ತಿದ್ದಳು. ಅದರಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮಕ್ಕಳಿಗೆ ನೀತಿಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನು.

‘ಪ್ಲೇಗು ಬಂದು ಊರಾಚೆ ಗುಡಿಸಲು ಹಾಕಿದ್ವಲ್ಲ, ತಿರುಗಿ ಮನೆಗೆ ಬಂದ ವರ್ಷ ಕಣಪ್ಪ,’ ಎಂದಳು ಮುದುಕಿ. ‘ಗಾಡಿ ಕಟ್ಟಿಸ್ಕೊಂಡು ಹೊನ್ನಾಳಿಗೆ ಹೋದ್ರು. ರೊಟ್ಟಿ ಬುತ್ತಿ ಕಟ್ಟಿದೋಳು ನಾನೇ. ನಿಂದೂ ಬರೆಸ್ತೀನಿ ಕಣವ್ವ ಅಂದಿದ್ರು.’

ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಬೇಕಾಗಿದ್ದದ್ದು ವರ್ಷ. ಊರಲ್ಲಿ ವಿಚಾರಿಸಿ ಪ್ಲೇಗಿನ ಇಸವಿ ತಿಳಿದುಕೊಂಡೆ.

ಮುಂದಿನ ಸಲ ಹೋದಾಗ ಮಧ್ಯಾಹ್ನದೊಳಗೇ ಉಯಿಲು ಸಿಕ್ಕಿತು. ಅರ್ಜಿ ಹಾಕಿ ನಕಲು ತೆಗೆಸಿದೆ. ನಕಲು ಕೈಗೆ ಬಂದ ದಿನ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ನಿಂತು ಓದತೊಡಗಿದೆ. ಸ್ವಸ್ಥಬುದ್ಧಿಯಿಂದ ಬರೆಸಿದ್ದು ಎಂಬಲ್ಲಿಂದ ಹಿಡಿದು ಹೊಲ, ಗದ್ದೆ, ದೇವರ ದೀಪದ ಎಣ್ಣೆಯವರೆಗೆ ಎಲ್ಲವೂ ಇತ್ತು. ನಡುವೆ ಇದೂ ಇತ್ತು: ‘ನನ್ನ ಸಾಕುಮಗಳನ್ನು ಸ್ವಂತ ಮಗಳಂತೆ ಕಾಣತಕ್ಕದ್ದು. ಪಡಸಾಲೆಯ ಎಡಗಡೆಯ ಕೋಣೆ ಅವಳ ಜೀವವಿರುವ ತನಕ ಅವಳದು. ಮನೆಯವರ ಸಾಲಿನಲ್ಲೇ ಕೂರಿಸಿ ಉಣಬಡಿಸತಕ್ಕದ್ದು.’

ಗೆದ್ದಲಿನ ಮೇಲೆ ಅಜ್ಜ ಹೊರಿಸಿದ್ದು ಸುಳ್ಳು ಅಪವಾದ ಎಂದು ಆಗ ತಿಳಿಯಿತು. ಅಜ್ಜನನ್ನು ಬೈದುಕೊಂಡೆ, ನಿಜ. ಆದರೆ ಪಡಸಾಲೆಯ ಎಡಗಡೆಯ ಕೋಣೆಗೆ ಹಿಂದಿನ ವಾರವಷ್ಟೇ ಸುಣ್ಣ ಹೊಡೆಸಿದ್ದೆವು. ಮದುವೆಯಾದ ಮೇಲೆ ನಾನೂ ನನ್ನ ಹೆಂಡತಿಯೂ ಇರಬೇಕಾದ ಕೋಣೆ ಅದು. ಬಸ್ಸು ಬರುವ ಹೊತ್ತಿಗೆ ಅಜ್ಜನ ಮೇಲಿನ ಸಿಟ್ಟು ಇಳಿದಿತ್ತು. ಕಾಗದವನ್ನು ಮಡಚಿ ಕೋಟಿನ ಒಳಜೇಬಿಗೆ ಸೇರಿಸಿದೆ.

ನಿಶ್ಚಯದ ದಿನ ಬೀಗರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಹೆಣ್ಣಿನ ತಂದೆ ಉಯಿಲು ಓದಿಸಿದರು. ನಾನು ಎದ್ದು ನಿಂತು, ತರಗತಿಯಲ್ಲಿ ಓದುವ ಗಂಟಲಿನಲ್ಲೇ ಓದಿದೆ. ಮುದುಕಿ ನೀರಿನ ತಂಬಿಗೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಆ ಸಾಲುಗಳು ಬಂದವು. ಗಂಟಲು ಸರಿಮಾಡಿಕೊಂಡೆ, ಕಣ್ಣನ್ನು ಕೆಳಗಿಳಿಸಿ ನೇರವಾಗಿ ದೇವರ ದೀಪಕ್ಕೆ ಬಂದೆ. ಯಾರಿಗೂ ಗೊತ್ತಾಗಲಿಲ್ಲ. ‘ಎಂಥ ಧರ್ಮಿಷ್ಠರ ಮನೆತನ!’ ಎಂದು ಬೀಗರು ತಲೆದೂಗಿದರು. ನಾನು ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ನಾನು ಮುಖ ತೊಳೆಯುತ್ತಿದ್ದಾಗ ಮುದುಕಿ ಹತ್ತಿರ ಬಂದಳು. ತಾನು ಕಳ್ಳ ಪರರ ನಂಬ ಅನ್ನುತ್ತಾರಲ್ಲ, ಇವಳಿಗೆ ಎಲ್ಲ ಗೊತ್ತಾಗಿದೆ ಎಂದೇ ಹೆದರಿದೆ. ಅವಳು ಸೆರಗಿನ ತುದಿ ತಿರುಚುತ್ತ ಕೇಳಿದಳು.

‘ಅದ್ರಾಗೆ ನಂದು ಏನಾರ ಇತ್ತೇನಪ್ಪ?’

‘ಇಲ್ಲ,’ ಎಂದೆ.

ಅವಳು ತಿರುಚಿದ ಸೆರಗನ್ನು ಬಿಡಿಸಿಕೊಂಡಳು. ‘ಮರ್ತಿರ್ತಾರೆ ಬಿಡು. ವಯಸ್ಸಾಗಿತ್ತು ಪಾಪ,’ ಎಂದು ಹಿತ್ತಲಿಗೆ ಹೋದಳು.

ಕೋಣೆ ಕಸಿದುಕೊಂಡದ್ದು ನನ್ನ ಅಜ್ಜ, ಅದು ಹಳೆಯ ಪಾಪ. ನನ್ನದು ಬರೀ ಒಂದು ಮಾತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮದುವೆಯಾಯಿತು. ಸುಣ್ಣ ಹೊಡೆಸಿದ ಕೋಣೆಯಲ್ಲಿ ಚೆನ್ನಾಗಿ ನಿದ್ದೆಯೂ ಬರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಹಿರಿಯರ ಹಬ್ಬ ಬಂತು. ಪ್ರತಿ ವರ್ಷ ನಮ್ಮ ಎಡೆಯೆಲ್ಲ ಇಟ್ಟಾದ ಮೇಲೆ ಮುದುಕಿ ಮೆಲ್ಲಗೆ ಬಂದು, ಎಡೆಯ ಅಂಚಿಗೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಕೈಮುಗಿದು ಹೋಗುತ್ತಿದ್ದಳು. ಮುತ್ತಜ್ಜನಿಗೆ ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕಾಗಿತ್ತಂತೆ. ಆ ವರ್ಷ ಅವಳು ಬರಲಿಲ್ಲ. ಹೋಗಿ ನೋಡಿದರೆ ಕಟ್ಟಿಗೆ ಕೋಣೆಯ ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

‘ಎಲೆ ಅಡಿಕೆ ಇಡಾಕೆ ಬರ್ಲಿಲ್ವಲ್ಲ ಅಜ್ಜಿ?’ ಎಂದೆ. ಅವಳನ್ನು ಅಜ್ಜಿ ಎಂದು ಕರೆದದ್ದು ಅದೇ ಮೊದಲು.

ಅವಳು ತಲೆ ಎತ್ತಲಿಲ್ಲ. ‘ನಾನ್ಯಾರಪ್ಪ ಇಡಾಕೆ? ಮನೆಯೋರು ನೀವಿದೀರಲ್ಲ,’ ಎಂದಳು.

ಉಯಿಲಿನ ನಕಲು ನಮ್ಮ ಕೋಣೆಯ ಪೆಟ್ಟಿಗೆಯಲ್ಲೇ ಇತ್ತು. ಹತ್ತು ಹೆಜ್ಜೆ ದೂರ. ತಂದು ಓದಬಹುದಾಗಿತ್ತು. ಒಳಗೆ ಎಡೆ ಎತ್ತುತ್ತಿದ್ದರು, ಊಟಕ್ಕೆ ಬನ್ನಿ ಎಂದು ನನ್ನ ಹೆಂಡತಿ ಕರೆದಳು. ನಾನು ಹೋಗಿ ಮನೆಯವರ ಸಾಲಿನಲ್ಲಿ ಕೂತೆ.